ಕಪ್ಪು ಇತಿಹಾಸದ ತಿಂಗಳು ಮತ್ತು ಕಚೇರಿಯ ಊಟದ ಮೇಜು

ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಅಮೆರಿಕದಲ್ಲಿ ಒಂದು ವಾರದ ಸ್ಮರಣೆಯಾಗಿ ಆರಂಭಿಸಿದ ಕಪ್ಪು ವರ್ಣೀಯರ ಇತಿಹಾಸದ ಆಚರಣೆ 1976ರಲ್ಲಿ ಇಡೀ ಫೆಬ್ರವರಿ ತಿಂಗಳಿಗೆ ವಿಸ್ತರಿಸಿತು. ಇಂದು ಅಲ್ಲಿನ ಅನೇಕ ದೊಡ್ಡ ಕಂಪೆನಿಗಳು ಆ ತಿಂಗಳಲ್ಲಿ ಉಪನ್ಯಾಸ, ಪ್ರದರ್ಶನಗಳನ್ನು ಏರ್ಪಡಿಸುತ್ತವೆ. ಅಂತಹ ಕಚೇರಿಗಳಲ್ಲಿ ನಮ್ಮ ಕುಟುಂಬಗಳ ಯುವಕ ಯುವತಿಯರೂ ದುಡಿಯುತ್ತಿದ್ದಾರೆ. ಅವರು ಅದರಲ್ಲಿ ಸಂತೋಷದಿಂದಲೇ ಪಾಲ್ಗೊಳ್ಳಲಿ. ಭಾಷೆ ಮತ್ತು ಬಣ್ಣಗಳ ಭಿನ್ನತೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಿದೆಯಷ್ಟೆ. ಆದರೆ ದುಡಿಮೆಯ ಜಾಗದಲ್ಲಿ ಈ ಸಂಭ್ರಮಕ್ಕೆ ಅರ್ಥ ಬರುವುದು ಯಾವಾಗ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

1941ರಲ್ಲಿ ಅಮೆರಿಕದ ರಕ್ಷಣಾ ಕೈಗಾರಿಕೆಗಳು ಕಪ್ಪು ವರ್ಣೀಯರಿಗೆ ಬಾಗಿಲು ತೆರೆದದ್ದು ಯಾರದೋ ಔದಾರ್ಯದಿಂದಲ್ಲ. ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ರಾಜಧಾನಿಗೆ ಬೃಹತ್ ಜಾಥಾ ತರುವುದಾಗಿ ಎಚ್ಚರಿಸಿದ ಮೇಲೆಯೇ ಅಧ್ಯಕ್ಷ ರೂಸ್‌ವೆಲ್ಟ್ ಉದ್ಯೋಗದಲ್ಲಿ ವರ್ಣಭೇದವನ್ನು ನಿಷೇಧಿಸುವ ಆದೇಶಕ್ಕೆ ಸಹಿ ಹಾಕಿದರು. ಅನಂತರ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿದ್ದ ವಿಮಾನ ಸಂಶೋಧನಾ ಕೇಂದ್ರವು ಗಣಿತದಲ್ಲಿ ಪರಿಣತರಾದ ಕಪ್ಪು ಮಹಿಳೆಯರನ್ನು ನೇಮಿಸಿಕೊಂಡಿತು. ಮುಂದೆ ನಾಸಾ ಸಂಸ್ಥೆಯ ಭಾಗವಾದದ್ದು ಇದೇ ಕೇಂದ್ರ. ವಿಮಾನಗಳ ಲೆಕ್ಕವನ್ನು ಅವರ ಕೈಯಲ್ಲಿ ಮಾಡಿಸಿಕೊಂಡ ಆ ಸಂಸ್ಥೆ ಊಟದ ಕೋಣೆಯಲ್ಲಿ ಮಾತ್ರ ಅವರಿಗೆ ಬೇರೆಯೇ ಮೇಜು ಗುರುತಿಸಿ, ಅದರ ಮೇಲೆ ಅವರ ವರ್ಣವನ್ನು ಸೂಚಿಸುವ ಫಲಕವನ್ನೂ ಇಟ್ಟಿತು! ಅವರಲ್ಲೊಬ್ಬರಾದ ಮಿರಿಯಮ್ ಮ್ಯಾನ್ ಆ ಫಲಕವನ್ನು ಎತ್ತಿ ತಮ್ಮ ಕೈಚೀಲದೊಳಗೆ ಹಾಕಿಕೊಂಡರು. ಮತ್ತೊಂದು ಬಂತು, ಅದನ್ನೂ ತೆಗೆದರು. ಕೊನೆಗೆ ಫಲಕ ಇಡುವವರೇ ದಣಿದು ಸುಮ್ಮನಾದರು.

ಪ್ರತಿಭೆಯನ್ನು ಬಳಸಿಕೊಂಡು ಮನುಷ್ಯನನ್ನು ದೂರವಿಡುವ ಈ ರೋಗವನ್ನು ಪ್ರವಾದಿ ಮುಹಮ್ಮದ್(ಸ) ಬಹು ಸೂಕ್ಷ್ಮವಾಗಿ ಗುರುತಿಸಿದ್ದರು. ಅಬೂದರ್ರ್(ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಅವರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿ(ಸ) ಖಂಡಿಸಿದರು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿ, ಉಡುವುದನ್ನೇ ಉಡಿಸಿ, ಶಕ್ತಿಮೀರಿದ ಕೆಲಸ ಹೊರಿಸಬೇಡಿ ಎಂಬ ಆಶಯದ ಆದೇಶವೂ ಅದೇ ಪ್ರಸಂಗದಲ್ಲಿ ಬಂತು. ನಾಲಗೆಯ ತಪ್ಪಿಗೆ ಪರಿಹಾರವನ್ನು ಅವರು ಊಟ, ಬಟ್ಟೆ ಮತ್ತು ದುಡಿಮೆಯ ಹೊರೆಯಲ್ಲಿ ತೋರಿಸಿದರು. ಅಬೂದರ್ರ್(ರ) ಕೂಡಾ ಮುಂದೆ ತಮ್ಮ ಸೇವಕನಿಗೆ ತಾವು ಧರಿಸುವಂತಹ ಬಟ್ಟೆಯನ್ನೇ ತೊಡಿಸಿದರು.

ಬಿಲಾಲ್(ರ)ರನ್ನು ಪ್ರವಾದಿ(ಸ) ಪ್ರಶಂಸಿಸಿ ಸುಮ್ಮನಾಗಲಿಲ್ಲ. ಮಕ್ಕಾ ವಿಜಯದ ದಿನ ಕುರೈಶ್ ಮುಖಂಡರ ಕಣ್ಣೆದುರೇ ಕಅಬಾದಲ್ಲಿ ಅದಾನ್ ಕೊಡುವ ಹೊಣೆಯನ್ನು ಅವರಿಗೇ ವಹಿಸಿದರು. ಅಬಿಸೀನಿಯ ಮೂಲದ ಉಮ್ಮು ಐಮನ್(ರ)ರ ಪುತ್ರ, ಇನ್ನೂ ಎಳೆಯ ಪ್ರಾಯದ ಉಸಾಮಾ(ರ) ಸೇನಾಧಿಪತಿಯಾದರು. ಹಿರಿಯ ಸಹಾಬಿಗಳು ಅವರ ಕೈಕೆಳಗೆ ನಿಂತರು. ಕೆಲವರು ಆಕ್ಷೇಪಿಸಿದಾಗ ಪ್ರವಾದಿ(ಸ) ನೇಮಕವನ್ನು ಹಿಂಪಡೆಯಲಿಲ್ಲ, ಉಸಾಮಾ ಆ ಹುದ್ದೆಗೆ ಅರ್ಹರೆಂದೇ ಸ್ಪಷ್ಟಪಡಿಸಿದರು. ಇಂದಿನ ಎಷ್ಟು ಕಂಪೆನಿಗಳು ಇಂತಹ ಆಕ್ಷೇಪದೆದುರು ಅಷ್ಟು ಗಟ್ಟಿಯಾಗಿ ನಿಂತಾವು?

ಈ ಪ್ರಶ್ನೆಯನ್ನು ಅಮೆರಿಕಕ್ಕೆ ಕೇಳಿ ನಾವು ಹಾಯಾಗಿ ಕುಳಿತುಕೊಳ್ಳುವಂತಿಲ್ಲ. ಆಫ್ರಿಕ ಮೂಲದ ಸಿದ್ದಿಗಳು ಶತಮಾನಗಳಿಂದ ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಬಾಳುತ್ತಿದ್ದಾರೆ. ಹಿಂದೂಗಳು, ಕ್ರೈಸ್ತರ ಜೊತೆಗೆ ಮುಸ್ಲಿಮರೂ ಅವರಲ್ಲಿದ್ದಾರೆ. ಪರಿಶಿಷ್ಟ ಪಂಗಡದ ಮಾನ್ಯತೆ ಅವರಿಗೆ ದೊರೆತದ್ದು 2003ರಲ್ಲಿ. ಬಿಲಾಲ್(ರ)ರ ಹೆಸರನ್ನು ನಾವು ಮಸೀದಿಗಳಿಗೆ ಇಟ್ಟಿದ್ದೇವೆ, ಮಕ್ಕಳಿಗೂ ಇಟ್ಟಿದ್ದೇವೆ. ಆದರೆ ಒಬ್ಬ ಸಿದ್ದಿ ಯುವತಿ ಪದವಿ ಪತ್ರ ಹಿಡಿದು ನಮ್ಮ ಶಾಲೆಗೋ ಆಸ್ಪತ್ರೆಗೋ ಬಂದರೆ ನಾವು ಮೊದಲು ನೋಡುವುದು ಪತ್ರವನ್ನೋ ಮುಖವನ್ನೋ? ನಮ್ಮ ಸಮುದಾಯದ ಆಡಳಿತದಲ್ಲಿರುವ ಸಂಸ್ಥೆಗಳು ಮುಂದಿನ ನೇಮಕಾತಿಯ ಪ್ರಕಟಣೆಯನ್ನು ಹಳಿಯಾಳ, ಯಲ್ಲಾಪುರದ ಜಮಾಅತ್‌ಗಳಿಗೂ ಕಳುಹಿಸಲಿ. ಬಂದ ಅರ್ಜಿಗಳನ್ನು ಭಾವಚಿತ್ರ ನೋಡದೆಯೇ ಪರಿಶೀಲಿಸಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಫೆಬ್ರವರಿಗಾಗಿ ಕಾಯಬೇಕಾಗಿಯೂ ಇಲ್ಲ.