ತಲೆಯೆಣಿಕೆಯೂ ದಾರಿಯೂ

ನವಲಗುಂದ ತಾಲೂಕಿನ ತಿರ್ಲಾಪುರದಂತಹ ಗ್ರಾಮಗಳಿಗೆ ಜನಗಣತಿಯೆಂಬುದು ಬರಿಯ ತಲೆಗಳ ಲೆಕ್ಕವಲ್ಲ. ದಾರಿಯ ಲೆಕ್ಕವೂ ಅದೇ. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು, ಬಯಲುನಾಡಿನಲ್ಲಿ 500 ಜನರುಳ್ಳ ವಸತಿಗೆ ಸರ್ವಋತು ರಸ್ತೆಯೆಂದು ವಿಧಿಸಿತು. ಎಣಿಕೆ 2001ರದು. 499 ಜನರಿರುವ ಹಳ್ಳಿಯಲ್ಲಿ ಮಳೆ ಬೀಳದೆಂದು ಯಾರು ಹೇಳಿದರೋ!

2011ರ ಗಣತಿಯ ಗ್ರಾಮಸೌಕರ್ಯಗಳ ಪಟ್ಟಿಯು, ಊರಿನಲ್ಲಿ ಬಸ್ಸಿಲ್ಲದಿದ್ದರೆ ಅದು 5 ಕಿಲೋಮೀಟರಿನೊಳಗೋ, 10ರೊಳಗೋ, ಅದಕ್ಕೂ ಆಚೆಯೋ ಎಂಬಷ್ಟನ್ನೇ ತಿಳಿಸುವುದು. ಎರೆಭೂಮಿಯಲ್ಲಾದರೋ ದೂರವು ಋತುವನ್ನನುಸರಿಸಿ ಬೆಳೆಯುವುದು. ಚೈತ್ರದಲ್ಲಿ ಒಂದು ತಾಸಿನ ಹೊಲದ ದಾರಿಯು, ಮಳೆ ಹಿಡಿದು ಬೆಣ್ಣಿಹಳ್ಳ ತುಂಬಿತೆಂದರೆ, ಚಕ್ಕಡಿಯ ಗಾಲಿ ಹೂತು ಅರ್ಧ ದಿನದ್ದಾಗುವುದು. ಪ್ರಸವವೇದನೆ ಹತ್ತಿದ ಹೆಣ್ಣುಮಗಳಿಗೆ ಪಟ್ಟಿಯ ಆ 5 ಎಂಬ ಅಂಕೆಯಿಂದ ಏನು ಸಮಾಧಾನ? ಗೃಹಸ್ಥರು ಗ್ರಾಮಸಭೆಗೆ ಹೋದಾಗ ಶ್ರಾವಣದ ದಾರಿಯ ಸ್ಥಿತಿಯನ್ನು ಬೇರೆಯಾಗಿ ಠರಾವಿನಲ್ಲಿ ಬರೆಯಿಸಲಿ.