ಓಡಲು ದೂರವೇ ಇರಲಿಲ್ಲ

1978ರ ಅಕ್ಟೋಬರ್ 22ರಂದು ನ್ಯೂಯಾರ್ಕ್ ಮ್ಯಾರಥಾನ್ ಓಡಲು ಬಂದು ನಿಂತಾಗ ನಾರ್ವೆಯ ಗ್ರೆಟೆ ವೈಟ್ಸ್ ಅವರಿಗೆ 25 ವರ್ಷ. ಓಸ್ಲೋದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವರು ಅದುವರೆಗೆ ಒಂದೇ ಒಂದು ಮ್ಯಾರಥಾನನ್ನೂ ಓಡಿರಲಿಲ್ಲ. ಅಭ್ಯಾಸದಲ್ಲಿ ಕೂಡ ಒಂದೇ ಸಲಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದಾಟಿದ್ದಿಲ್ಲ. ಕೂಟದ ರೂವಾರಿ ಫ್ರೆಡ್ ಲೆಬೌ ಗ್ರೆಟೆಯನ್ನು ಕರೆಸಿಕೊಂಡದ್ದು ಆರಂಭದಲ್ಲಿ ಜೋರಾಗಿ ಓಡಿ ಉಳಿದ ಓಟಗಾರ್ತಿಯರಿಗೆ ವೇಗ ಹಿಡಿದುಕೊಡಲಿ ಎಂದು. ಗೆಲ್ಲುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಕೊನೆಯ ಹತ್ತು ಮೈಲಿ ಅವರನ್ನು ಹಣ್ಣು ಮಾಡಿತು. ಕಿಲೋಮೀಟರ್ ಲೆಕ್ಕದಲ್ಲಿ ಬೆಳೆದವರಿಗೆ ರಸ್ತೆ ಬದಿಯ ಮೈಲಿ ಫಲಕ ನೋಡಿದರೆ ಇನ್ನೆಷ್ಟು ದೂರ ಉಳಿದಿದೆ ಎಂಬುದೇ ತಿಳಿಯುತ್ತಿರಲಿಲ್ಲ. ನಾಲ್ಕು ಮರ ಕಂಡಾಗಲೆಲ್ಲ ಸೆಂಟ್ರಲ್ ಪಾರ್ಕ್ ಬಂತು, ಓಟ ಮುಗಿಯಿತು ಅಂದುಕೊಳ್ಳುತ್ತಿದ್ದರಂತೆ. ಕೊನೆಗೂ ಗುರಿ ಮುಟ್ಟಿದಾಗ ಗಡಿಯಾರ ತೋರಿಸಿದ್ದು 2 ಗಂಟೆ 32 ನಿಮಿಷ 30 ಸೆಕೆಂಡು. ಹಳೆಯ ವಿಶ್ವದಾಖಲೆಗಿಂತ ಎರಡು ನಿಮಿಷಕ್ಕೂ ಹೆಚ್ಚು ಬೇಗ. ಆಕೆಯ ಹೆಸರನ್ನು ಪಟ್ಟಿಗೆ ಕೊನೆಯ ಗಳಿಗೆಯಲ್ಲಿ ಸೇರಿಸಿದ್ದರಿಂದ ಗೆದ್ದದ್ದು ಯಾರೆಂದು ಧ್ವನಿವರ್ಧಕದಲ್ಲಿ ಹೇಳಬೇಕಾದವರಿಗೂ ಗೊತ್ತಿರಲಿಲ್ಲ. ಗ್ರೆಟೆ ಶೂ ಬಿಚ್ಚಿ ಪತಿ ಯಾಕ್ ಅವರತ್ತ ಎಸೆದು, ಈ ಹುಚ್ಚು ಓಟದ ಸಹವಾಸ ಇನ್ನು ಬೇಡವೆಂದರು. ಈ ಪ್ರವಾಸಕ್ಕೆ ಹೆಂಡತಿಯನ್ನು ಒಪ್ಪಿಸಿದವರು ಯಾಕ್ ಅವರೇ.

ಈ ಪ್ರಸಂಗವನ್ನು ಅದೃಷ್ಟದ ಕಥೆಯಂತೆ ಹೇಳುವವರೇ ಹೆಚ್ಚು. ಆದರೆ ಕೇಳಬೇಕಾದ ಪ್ರಶ್ನೆಯೊಂದು ಅದರೊಳಗಿದೆ. ಗ್ರೆಟೆ ಅಷ್ಟರಲ್ಲಾಗಲೇ 3,000 ಮೀಟರ್‌ನಲ್ಲಿ ಎರಡು ಬಾರಿ ವಿಶ್ವದಾಖಲೆ ಬರೆದಿದ್ದರು: 1975ರಲ್ಲಿ 8 ನಿಮಿಷ 46.6 ಸೆಕೆಂಡು, ಮರುವರ್ಷ 8 ನಿಮಿಷ 45.4 ಸೆಕೆಂಡು. 1977ರ ವಿಶ್ವಕಪ್‌ನಲ್ಲಿ ಅದೇ ದೂರ ಗೆದ್ದಿದ್ದರು. 1978ರಲ್ಲಿ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್ ಕೂಡ ಆದರು. ಇಂಥ ಓಟಗಾರ್ತಿ ಇನ್ನೊಬ್ಬರಿಗೆ ವೇಗ ಹಿಡಿದುಕೊಡುವ ಕೆಲಸಕ್ಕೆ ನ್ಯೂಯಾರ್ಕ್‌ಗೆ ಏಕೆ ಬಂದರು?

ಆಕೆಗೆ ತಕ್ಕ ಓಟ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ.

1972ರ ಮ್ಯೂನಿಕ್‌ನಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಅತಿ ದೂರದ ಓಟ 1,500 ಮೀಟರ್. ಅದೂ ಅದೇ ವರ್ಷ ಹೊಸದಾಗಿ ಸೇರಿದ್ದು. 1976ರ ಮಾಂಟ್ರಿಯಲ್‌ನಲ್ಲೂ ಅಷ್ಟೇ. ಮೂರು ಸಾವಿರ ಮೀಟರ್‌ನಲ್ಲಿ ಜಗತ್ತಿಗೇ ಮುಂದಿದ್ದವರು ಅದರ ಅರ್ಧ ದೂರ ಓಡಿ, ಸೆಮಿಫೈನಲ್‌ನಲ್ಲಿ ಸೋತು ಮನೆಗೆ ಬಂದರು. 1980ರ ಮಾಸ್ಕೋ ಕೂಟಕ್ಕೂ 1,500 ಮೀಟರೇ ಗಡಿ. ಆ ಕೂಟವನ್ನೇ ನಾರ್ವೆ ಬಹಿಷ್ಕರಿಸಿತು. ಓಟಗಾರ್ತಿಯೊಬ್ಬಳ ಕಾಲಿನ ಕಸುವು ತುಂಬಿ ನಿಂತಿರುವ ವರ್ಷಗಳು ಹೀಗೆ ಕಳೆದವು. 1978ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಪಡೆದ ಮೇಲೆ ಆಕೆ ನಿವೃತ್ತಿಯ ಯೋಚನೆಯಲ್ಲಿದ್ದರು. ನ್ಯೂಯಾರ್ಕ್‌ನ ಆಹ್ವಾನ ಬಾರದಿದ್ದರೆ ಗ್ರೆಟೆ ವೈಟ್ಸ್ ಎಂಬ ಹೆಸರು ನಾರ್ವೆಯ ಹಳೆಯ ದಾಖಲೆ ಪುಸ್ತಕಗಳಲ್ಲಷ್ಟೇ ಉಳಿದಿರುತ್ತಿತ್ತು.

ಈ ಗಡಿ ಹಾಕಿದವರು ಯಾರು? 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದಿತ್ತು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿ ಗೆದ್ದರು. ಮರುದಿನದ ಪತ್ರಿಕೆಗಳಿಗೆ ಕಂಡದ್ದು ಬೇರೆಯೇ. ಓಡಿದವರಲ್ಲಿ ಹಲವರು ನಡುದಾರಿಯಲ್ಲೇ ಕುಸಿದುಬಿದ್ದರೆಂದು ಬರೆದವು. ವಾಸ್ತವದಲ್ಲಿ ಒಂಬತ್ತು ಮಂದಿಯೂ ಓಟ ಮುಗಿಸಿದ್ದರು. ದೂರದ ಓಟ ಮುಗಿಸಿದ ಗಂಡಸರು ದಣಿದು ಹುಲ್ಲಿನ ಮೇಲೆ ಒರಗಿದರೆ ಅದು ಸಾಹಸ, ಹೆಂಗಸರು ಒರಗಿದರೆ ಅದು ದೇಹದ ದೌರ್ಬಲ್ಯ ಎಂದು ಬಗೆದ ಆಡಳಿತಗಾರರು ಆ ಸ್ಪರ್ಧೆಯನ್ನೇ ಕಿತ್ತುಹಾಕಿದರು. ಅದು ಮರಳಿದ್ದು 1960ರಲ್ಲಿ. ಪತ್ರಿಕೆಗಳ ಒಂದು ಸುಳ್ಳಿಗೆ ಮೂವತ್ತೆರಡು ವರ್ಷ ತೆತ್ತವರು ಆಟಗಾರ್ತಿಯರು. 

ರಸ್ತೆ ಓಟದ ಕಥೆಯೂ ಬೇರೆಯಿರಲಿಲ್ಲ. 1967ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡುತ್ತಿದ್ದ ಕ್ಯಾಥರಿನ್ ಸ್ವಿಟ್ಜರ್ ಅವರ ಎದೆಯ ಮೇಲಿನ ಸಂಖ್ಯೆ ಕಿತ್ತುಕೊಳ್ಳಲು ಅಧಿಕಾರಿಯೊಬ್ಬರು ಮೈಮೇಲೆ ಬಿದ್ದ ಫೋಟೊ ಜಗತ್ತನ್ನು ಸುತ್ತಿದೆ. ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ, ಮಹಿಳೆಯರು ಗಂಡಸರಿಗಿಂತ ಹತ್ತು ನಿಮಿಷ ಮೊದಲು ಬೇರೆಯಾಗಿ ಹೊರಡಬೇಕೆಂಬ ನಿಯಮವಿತ್ತು. ಆರು ಓಟಗಾರ್ತಿಯರು ಹೊರಡುವ ಗೆರೆಯ ಮೇಲೆ ಕುಳಿತೇಬಿಟ್ಟರು. ಹತ್ತು ನಿಮಿಷ ಕಳೆದ ಮೇಲೆ ಎದ್ದು ಗಂಡಸರ ಜೊತೆಯಲ್ಲೇ ಓಡಿದರು. ಆರು ವರ್ಷದ ನಂತರ ಗ್ರೆಟೆ ಗೆದ್ದದ್ದು ಇದೇ ಕೂಟವನ್ನು. ಹಾಗೆ ಕುಳಿತವರ ಋಣ ಗ್ರೆಟೆಯ ಗೆಲುವಿನಲ್ಲೂ ಇದೆ.

ಶೂ ಎಸೆದವರು ಮರುವರ್ಷ ಅದೇ ಶಹರಕ್ಕೆ ಬಂದರು. 2 ಗಂಟೆ 27 ನಿಮಿಷ 33 ಸೆಕೆಂಡು. ನ್ಯೂಯಾರ್ಕ್‌ನಲ್ಲಿ ಎರಡೂವರೆ ಗಂಟೆಯೊಳಗೆ ಅದುವರೆಗೆ ಯಾವ ಹೆಣ್ಣೂ ಗುರಿ ಮುಟ್ಟಿರಲಿಲ್ಲ. 1980ರಲ್ಲಿ ಆ ದಾಖಲೆಯಿಂದಲೂ ಸುಮಾರು ಎರಡು ನಿಮಿಷ ಕಳೆದರು. ಅತ್ತ ಸ್ವಿಟ್ಜರ್ ದೇಶದೇಶಗಳಲ್ಲಿ ಮಹಿಳೆಯರದೇ ಓಟಗಳನ್ನು ಸಂಘಟಿಸುತ್ತಿದ್ದರು. 1980ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ನಡೆದ ಮ್ಯಾರಥಾನ್‌ಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಓಟಗಾರ್ತಿಯರು ಬಂದಿದ್ದರು. ಒಬ್ಬರು ಗಡಿಯಾರದಿಂದ, ಇನ್ನೊಬ್ಬರು ಸಂಘಟನೆಯಿಂದ ಒತ್ತಡ ಹಾಕಿದರು. 1981ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಹಿಳೆಯರ ಮ್ಯಾರಥಾನ್‌ಗೆ ಒಪ್ಪಿತು.

ಅಲ್ಲಿಂದ ಮುಂದಿನ ವರ್ಷಗಳು ಗ್ರೆಟೆಯವು. ಒಟ್ಟು ಒಂಬತ್ತು ನ್ಯೂಯಾರ್ಕ್ ಮ್ಯಾರಥಾನ್, ಐದು ವಿಶ್ವ ಕ್ರಾಸ್ ಕಂಟ್ರಿ ಪಟ್ಟ, 1983ರಲ್ಲಿ ಹೆಲ್ಸಿಂಕಿಯ ಚೊಚ್ಚಲ ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್ ಚಿನ್ನ. ಅದೇ ವರ್ಷ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ 2 ಗಂಟೆ 25 ನಿಮಿಷ 29 ಸೆಕೆಂಡು ಓಡಿದರು. ಮರುದಿನವೇ ಬಾಸ್ಟನ್‌ನಲ್ಲಿ ಅಮೆರಿಕದ ಜೋನ್ ಬೆನಾಯ್ಟ್ 2 ಗಂಟೆ 22 ನಿಮಿಷ 43 ಸೆಕೆಂಡಿಗೆ ಗುರಿ ಮುಟ್ಟಿದರು. ಬಾಗಿಲು ತೆರೆದುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮೊದಲ ಮಹಿಳಾ ಮ್ಯಾರಥಾನ್‌ನಲ್ಲಿ ಚಿನ್ನವೂ ಬೆನಾಯ್ಟ್ ಅವರದೇ. ಆಯ್ಕೆ ಓಟಕ್ಕೆ 17 ದಿನ ಮೊದಲು ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಆಕೆ ಒಲಿಂಪಿಕ್ಸ್‌ನಲ್ಲಿ ಆರಂಭದಲ್ಲೇ ಗುಂಪು ಬಿಟ್ಟು ಹೊರಟರು. ಬಿಸಿಲಿಗೆ ಬಳಲುತ್ತಾರೆಂದು ಉಳಿದವರು ಬಿಟ್ಟುಕೊಟ್ಟರು. ಆಕೆ ಬಳಲಲಿಲ್ಲ. ಬೆನ್ನುನೋವಿನಲ್ಲೇ ಓಡಿದ ಗ್ರೆಟೆ 2 ಗಂಟೆ 26 ನಿಮಿಷ 18 ಸೆಕೆಂಡಿನಲ್ಲಿ ಎರಡನೆಯವರಾದರು. ಅದು ಅವರ ಏಕೈಕ ಒಲಿಂಪಿಕ್ ಪದಕ. 1988ರ ಸೋಲ್‌ನಲ್ಲಿ ಮಂಡಿ ಕೈಕೊಟ್ಟು ಓಟ ಅರ್ಧಕ್ಕೇ ನಿಂತಿತು. ಒಲಿಂಪಿಕ್ ಚಿನ್ನವಿಲ್ಲದವರು ಶ್ರೇಷ್ಠರ ಸಾಲಿಗೆ ಸೇರುತ್ತಾರೆಯೇ ಎಂದು ಕೇಳುವ ಪರಿಪಾಠ ಕ್ರೀಡಾ ಪುಟಗಳಲ್ಲಿದೆ. ಗ್ರೆಟೆಯ ಮಟ್ಟಿಗೆ ಈ ಪ್ರಶ್ನೆ ಅನ್ಯಾಯದ್ದು. ಇಪ್ಪತ್ತೆರಡು, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರ ದೂರವೇ ಪಟ್ಟಿಯಲ್ಲಿರಲಿಲ್ಲ. ಪಟ್ಟಿಗೆ ಬರುವಷ್ಟರಲ್ಲಿ ಅವರಿಗೆ ಮೂವತ್ತು ದಾಟಿತ್ತು.

ಭಾರತದವರಿಗೆ ಲಾಸ್ ಏಂಜಲೀಸ್ ಎಂದೊಡನೆ ನೆನಪಾಗುವುದು ಪಿ.ಟಿ. ಉಷಾ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕೈತಪ್ಪಿದ ಕಂಚು. ಉಷಾ ಓಡಿದ ಮಹಿಳೆಯರ 400 ಮೀಟರ್ ಹರ್ಡಲ್ಸ್ ಕೂಡ ಒಲಿಂಪಿಕ್ಸ್‌ಗೆ ಬಂದದ್ದು ಅದೇ ವರ್ಷ, ಮ್ಯಾರಥಾನ್ ಮತ್ತು 3,000 ಮೀಟರ್ ಜೊತೆಗೆ. ಪಟ್ಟಿ ಹಿಗ್ಗದಿದ್ದರೆ ಆ ನಾಲ್ಕನೇ ಸ್ಥಾನದ ನೆನಪೂ ಇರುತ್ತಿರಲಿಲ್ಲ. ಉಷಾ ನಂತರ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಟ್ರ್ಯಾಕ್ ಓಟದ ಫೈನಲ್ ತಲುಪಿದ ಭಾರತದ ಮಹಿಳೆ ಸಾತಾರಾ ಜಿಲ್ಲೆಯ ಲಲಿತಾ ಬಾಬರ್, 2016ರ ರಿಯೊದಲ್ಲಿ, 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ. ಗಂಡಸರು ನೂರು ವರ್ಷದ ಹಿಂದಿನಿಂದ ಓಡುತ್ತಿದ್ದ ಈ ಓಟ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 2008ರಲ್ಲಿ. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಲಲಿತಾ ಎಲ್ಲಿ ಓಡುತ್ತಿದ್ದರು? ಹಾಗೆ ಮೊದಲೇ ಹುಟ್ಟಿ, ಓಡಲು ಜಾಗವಿಲ್ಲದೆ ಮನೆಗೆ ಮರಳಿದವರು ಎಷ್ಟು ಊರುಗಳಲ್ಲಿರಬಹುದು?

ಸ್ಪರ್ಧೆ ಬಿಟ್ಟ ಮೇಲೂ ಗ್ರೆಟೆ ಓಟ ಬಿಡಲಿಲ್ಲ. 1984ರಿಂದ ಓಸ್ಲೋದಲ್ಲಿ ಅವರ ಹೆಸರಿನಲ್ಲಿ ಮಹಿಳೆಯರ ಐದು ಕಿಲೋಮೀಟರ್ ಓಟ ನಡೆಯುತ್ತಿತ್ತು. 1992ರಲ್ಲಿ, ಮಿದುಳು ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ಲೆಬೌ ಅರುವತ್ತನೆಯ ವರ್ಷದಲ್ಲಿ ತಾವೇ ಕಟ್ಟಿದ ನ್ಯೂಯಾರ್ಕ್ ಮ್ಯಾರಥಾನ್ ಓಡಬಯಸಿದಾಗ, ಗ್ರೆಟೆ ಅವರ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಒಂಬತ್ತು ಬಾರಿ ಗೆದ್ದ ದಾರಿಯಲ್ಲಿ 5 ಗಂಟೆ 32 ನಿಮಿಷ. ಅಷ್ಟು ಹೊತ್ತು ರಸ್ತೆಯ ಮೇಲೆ ಕಳೆಯುವವರ ಕಷ್ಟ ಏನೆಂದು ಅಂದೇ ತಿಳಿಯಿತೆಂದು ಆಮೇಲೆ ಹೇಳಿಕೊಂಡರು. 2005ರಲ್ಲಿ ಕ್ಯಾನ್ಸರ್ ಅವರನ್ನೂ ಹಿಡಿಯಿತು. ಚಿಕಿತ್ಸೆಯ ನಡುವೆಯೇ, ರೋಗಿಗಳಿಗೆ ವ್ಯಾಯಾಮದ ನೆರವು ನೀಡುವ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. 2011ರ ಏಪ್ರಿಲ್ 19ರಂದು ತೀರಿಕೊಂಡಾಗ ವಯಸ್ಸು 57.

ಈಗ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಹೆಣ್ಣು ಗಂಡು ಒಂದೇ ದೂರ ಓಡುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಹಳೆಯ ಅಳತೆಗೋಲು ಪೂರ್ತಿ ಮುರಿದಿಲ್ಲ. 1978ರಲ್ಲಿ ಗ್ರೆಟೆ ವಿಶ್ವ ಕ್ರಾಸ್ ಕಂಟ್ರಿ ಗೆದ್ದಾಗ ಮಹಿಳೆಯರ ದೂರ ಐದು ಕಿಲೋಮೀಟರ್‌ಗೂ ಕಡಿಮೆ, ಗಂಡಸರದು ಹನ್ನೆರಡು. ಹಿರಿಯರ ವಿಭಾಗದಲ್ಲಿ ಇಬ್ಬರಿಗೂ ಹತ್ತು ಕಿಲೋಮೀಟರ್ ಎಂದು ಸಮ ಮಾಡಲು 2017ರವರೆಗೆ ಕಾಯಬೇಕಾಯಿತು. ಇಪ್ಪತ್ತು ವರ್ಷದೊಳಗಿನವರಿಗೆ ಆಮೇಲೂ ಹುಡುಗರಿಗೆ ಎಂಟು, ಹುಡುಗಿಯರಿಗೆ ಆರು ಎಂಬ ಲೆಕ್ಕವೇ ಉಳಿಯಿತು. ನಮ್ಮ ರಾಷ್ಟ್ರೀಯ ಕೂಟವೂ ಅದನ್ನೇ ಅನುಸರಿಸಿತು. ಹದಿನೆಂಟರ ಹುಡುಗಿಗೆ ಏಳನೆಯ, ಎಂಟನೆಯ ಕಿಲೋಮೀಟರ್ ಏಕೆ ಬೇಡ ಎಂಬುದಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಬದಲಾಯಿಸಲಿ ಎಂದು ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಕಾದು ಕೂರಬೇಕಿಲ್ಲ. ಮುಂದಿನ ರಾಷ್ಟ್ರೀಯ ಕ್ರಾಸ್ ಕಂಟ್ರಿಯ ಸುತ್ತೋಲೆಯಲ್ಲೇ ಹುಡುಗಿಯರ ಕಾಲಂನಲ್ಲಿ 8 ಎಂದು ಬರೆಯಬಹುದು.