ಸಣ್ಣ ಹುಲಿಗೂ ಒಂದು ಹಳ್ಳ ಬೇಕು



ಹುಲಿ ಎಂದ ಕೂಡಲೇ ನಮಗೆಲ್ಲ ಬಂಡೀಪುರ, ಭದ್ರಾ ಕಾಡು ನೆನಪಾಗುತ್ತದೆ. ಆದರೆ ನಮ್ಮ ಕರ್ನಾಟಕದಲ್ಲಿ ಇನ್ನೊಂದು ಹುಲಿಯೂ ಇದೆ. ಅದು ಗರ್ಜಿಸುವುದಿಲ್ಲ, ದನ ಹಿಡಿಯುವುದಿಲ್ಲ. ಹಳ್ಳದ ನೀರಿನಲ್ಲಿ ಈಜುತ್ತದೆ. ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಅಂದರೆ ನಮ್ಮ ಕಂಪಾಸು ಪೆಟ್ಟಿಗೆಯೊಳಗಿನ ರಬ್ಬರಿನಷ್ಟು! ಅದೊಂದು ಮೀನು. ವಿಜ್ಞಾನದಲ್ಲಿ ಅದರ ಹೆಸರು ‘ಡೇರಿಯೊ ಹುಲಿ’.

ರಾಲ್ಫ್ ಬ್ರಿಟ್ಜ್ ಮತ್ತು ಅನ್ವರ್ ಅಲಿ ಎಂಬ ಇಬ್ಬರು ವಿಜ್ಞಾನಿಗಳು 2015ರಲ್ಲಿ ಈ ಮೀನಿಗೆ ಹೆಸರಿಟ್ಟರು. ಅದು ಸಿಕ್ಕಿದ್ದು ಕರ್ನಾಟಕದ ಒಂದು ಸಣ್ಣ ಹಳ್ಳದಲ್ಲಿ. ಗಂಡು ಮೀನಿನ ಮೈಮೇಲೆ ಕಪ್ಪು ಪಟ್ಟೆಗಳಿವೆ. ಅದಕ್ಕೇ ನಮ್ಮ ಕನ್ನಡದ ‘ಹುಲಿ’ ಶಬ್ದವನ್ನೇ ಇಟ್ಟರು. ಈಗ ಲಂಡನ್ನಿನವರಾದರೂ ಜಪಾನಿನವರಾದರೂ ಅದನ್ನು ಹುಲಿ ಎಂದೇ ಕರೆಯಬೇಕು. ಇದು ನಮಗೆ ಹೆಮ್ಮೆಯಲ್ಲವೇ?

ಇದರ ಜಾತಿಯ ಹೆಚ್ಚಿನ ಮೀನುಗಳು ಇರುವುದು ಇಲ್ಲಿಂದ ಬಹಳ ದೂರದಲ್ಲಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಇದರ ನೆಂಟರು ಸಿಕ್ಕಿದ್ದು ಈಚೆಗೆ. 2012ರಲ್ಲಿ ‘ಡೇರಿಯೊ ಯುರಾಪ್ಸ್’, 2018ರಲ್ಲಿ ವಯನಾಡಿನ ‘ಡೇರಿಯೊ ನೀಲ’. ಇವೆಲ್ಲ ದೊಡ್ಡ ನದಿಯಲ್ಲಿ ಬದುಕುವ ಮೀನುಗಳಲ್ಲ. ಇಷ್ಟು ಸಣ್ಣ ಮೀನು ಜೋರು ನೀರಿಗೆ ಎದುರು ನಿಲ್ಲಲಾರದು. ಅದಕ್ಕೆ ನಿಧಾನವಾಗಿ ಹರಿಯುವ ನೀರು ಬೇಕು, ದಡದಲ್ಲಿ ಹುಲ್ಲು, ಬೇರು, ನೀರುಗಿಡ ಬೇಕು. ಅಲ್ಲಿಯೇ ಅಡಗಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ತಿಂದು ಬದುಕುತ್ತದೆ. ಆ ಜಾಗ ಹೋದರೆ ಅದಕ್ಕೆ ಬೇರೆ ಊರಿಲ್ಲ.

“ಸಾರಿಗೂ ಬಾರದ ಮೀನು, ಇದ್ದರೆಷ್ಟು ಬಿಟ್ಟರೆಷ್ಟು, ಎಂತ ಆಗ್ತದೆ?” ಎಂದು ದೊಡ್ಡವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ಸರಿಯಲ್ಲ. ಕಾಡಿನ ಹುಲಿಯನ್ನು ಯಾರಾದರೂ ಸಾರು ಮಾಡುತ್ತಾರಾ? ಆದರೂ ಅದನ್ನು ಉಳಿಸಲು 1973ರಲ್ಲಿ ಹುಲಿ ಯೋಜನೆ ಶುರುವಾಯಿತು. ಅದು ಒಳ್ಳೆಯದೇ. ಹಾಗಾದರೆ ಸಣ್ಣ ಹುಲಿ ಮಾಡಿದ ತಪ್ಪೇನು? ಸಣ್ಣದಾಗಿ ಹುಟ್ಟಿದ್ದೇ?

ಮೀನಿನಲ್ಲೂ ದೊಡ್ಡದಕ್ಕೇ ಮರ್ಯಾದೆ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಹಿಡಿಯುವುದಿಲ್ಲ, ಮಂಡಕ್ಕಿ ಹಾಕಿ ಕೈ ಮುಗಿಯುತ್ತಾರೆ. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತಾಗ ಜನ ದುಃಖಪಟ್ಟು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ನಮ್ಮ ಜನರಿಗೆ ಮೀನಿನ ಮೇಲೆ ಪ್ರೀತಿ ಇಲ್ಲ ಎಂದು ಹೇಳಲು ಆಗುವುದಿಲ್ಲ. ಆದರೆ ಆ ಪ್ರೀತಿ ದೇವಸ್ಥಾನದ ಮೆಟ್ಟಿಲ ತನಕ ಮಾತ್ರ ಇದ್ದರೆ ಸಾಕೇ? ನಮ್ಮ ಗದ್ದೆ ಬದಿಯ ಹಳ್ಳಕ್ಕೂ ಬರಬೇಡವೇ?

ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಏನು ನಡೆಯುತ್ತಿದೆ ನೋಡಿ. ಬೇಸಿಗೆಯಲ್ಲಿ ಹಳ್ಳ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಇಡೀ ಹಳ್ಳದ ಮೀನು ಅದರೊಳಗೇ ಇರುತ್ತದೆ. ಕೆಲವರು ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅವರಿಗೆ ಬೇಕಾದದ್ದು ನಾಲ್ಕು ದೊಡ್ಡ ಮೀನು. ಸಾಯುವುದು ಮರಿ, ಮೊಟ್ಟೆ, ಏಡಿ, ಕಪ್ಪೆಮರಿ ಎಲ್ಲ. ಮುಂದಿನ ಮಳೆಗಾಲದಲ್ಲಿ “ಈಗ ಹತ್ತುಮೀನು ಬರುವುದೇ ಇಲ್ಲ ಮಾರಾಯ” ಎನ್ನುವವರೂ ಅವರೇ! ಬೀಜದ ಭತ್ತವನ್ನೇ ಉಂಡವನಿಗೆ ಪೈರು ಎಲ್ಲಿಂದ ಬರಬೇಕು?

ಇನ್ನೊಂದು, ಅಡಿಕೆ ಔಷಧಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲೇಬೇಕು, ಇಲ್ಲದಿದ್ದರೆ ಅಡಿಕೆ ಉದುರಿ ಮನೆ ನಡೆಯುವುದಿಲ್ಲ. ಅದನ್ನು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕಿದ ಆ ಡ್ರಮ್ಮನ್ನು ಹಳ್ಳದಲ್ಲೇ ಯಾಕೆ ತೊಳೆಯಬೇಕು? ಮೈಲುತುತ್ತಿನ ತಾಮ್ರ ಮೀನಿನ ಕಿವಿರನ್ನು ಕೆಡಿಸುತ್ತದೆ. ಆಗ ಅದಕ್ಕೆ ನೀರಿನೊಳಗೇ ಉಸಿರು ಕಟ್ಟುತ್ತದೆ. ಎರಡು ಕೊಡ ನೀರು ತಂದು ತೋಟದ ಬದಿಯಲ್ಲೇ ತೊಳೆದರೆ ಒಂದು ರೂಪಾಯಿಯೂ ಖರ್ಚಿಲ್ಲ. ಕೆಳಗಡೆ ಅದೇ ನೀರನ್ನು ನಮ್ಮ ದನಗಳೂ ಕುಡಿಯುತ್ತವೆ ಅಲ್ಲವೇ?

ಗುರುಗಳೇ, ಒಂದು ಮಾತು ವಿನಯದಿಂದ ಹೇಳುತ್ತೇನೆ. ಶ್ರಮದಾನದಲ್ಲಿ ಹಳ್ಳ ಚೊಕ್ಕಟ ಮಾಡುವುದು ಎಂದರೆ ನಾವು ದಡದ ಹುಲ್ಲು, ಮುಂಡುಗ ಎಲ್ಲ ಸವರುತ್ತೇವೆ. ನಮ್ಮ ಕಣ್ಣಿಗೆ ಅದು ಕಸ. ಮೀನಿಗೆ ಅದೇ ಮನೆ, ಅದೇ ತೊಟ್ಟಿಲು. ಪ್ಲಾಸ್ಟಿಕ್ಕು, ಬಾಟಲಿ, ಔಷಧಿ ಡಬ್ಬ ಹೆಕ್ಕಿದರೆ ಸಾಕು. ಹುಲ್ಲು ಹಾಗೇ ಇರಲಿ ಎಂದು ನನಗೆ ಅನಿಸುತ್ತದೆ.

“ನಮ್ಮ ಹಳ್ಳದಲ್ಲಿ ಅಂಥಾ ಮೀನು ಎಲ್ಲಿಂದ ಬರ್ಬೇಕು?” ಎಂದು ಕೆಲವರು ನಗಬಹುದು. ಯೋಚನೆ ಮಾಡಿ. 2015ಕ್ಕೆ ಮುಂಚೆ ಡೇರಿಯೊ ಹುಲಿ ಎಂಬ ಹೆಸರು ವಿಜ್ಞಾನದ ಪುಸ್ತಕದಲ್ಲಿ ಇರಲಿಲ್ಲ. ಆದರೆ ಮೀನು ಹಳ್ಳದಲ್ಲಿ ಇತ್ತು. ಯಾರಾದರೂ 2014ರ ಬೇಸಿಗೆಯಲ್ಲಿ ಆ ಹಳ್ಳದ ಗುಂಡಿಗೆ ಪೌಡರ್ ಹಾಕಿದ್ದರೆ? ಹೆಸರಿಡುವ ಮೊದಲೇ ಕೂಸು ಸತ್ತ ಹಾಗೆ ಆಗುತ್ತಿತ್ತು. ಸತ್ತದ್ದು ಏನೆಂದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಯಾವ ಹಳ್ಳವನ್ನೂ ‘ಬರೀ ಹಳ್ಳ’ ಎನ್ನಬಾರದು.

ನಾವು ಮಕ್ಕಳು ಮಾಡಬಹುದಾದದ್ದು ಇಷ್ಟು. ಮೀನು ಹಿಡಿಯುವವರು ಗಾಳ ಹಾಕಿ, ಕೂಣಿ ಇಡಿ, ವಿಷ ಬೇಡ. ಮನೆಯಲ್ಲಿ ಡ್ರಮ್ಮು ತೊಳೆಯುವ ದಿನ ಅಪ್ಪನಿಗೆ ನೀರು ಹೊತ್ತು ಕೊಡಿ. ಪೇಟೆಯಿಂದ ತಂದ ಬಣ್ಣದ ಮೀನು ಸಾಕಿ ಬೇಜಾರಾದರೆ ಹಳ್ಳಕ್ಕೆ ಬಿಡಬೇಡಿ, ಅವು ಬೆಳೆದು ನಮ್ಮ ಮೀನಿನ ಮರಿಗಳನ್ನು ತಿನ್ನಬಹುದು.

ದೊಡ್ಡ ಹುಲಿಯನ್ನು ಕಾಯಲು ಗಾರ್ಡುಗಳಿದ್ದಾರೆ, ಬಂದೂಕು ಇದೆ, ಜೀಪು ಇದೆ. ಸಣ್ಣ ಹುಲಿಗೆ ಹಳ್ಳದ ಬದಿಯಲ್ಲಿ ಮನೆ ಇರುವ ನಾವೇ ಗಾರ್ಡುಗಳು. ಈ ಬೇಸಿಗೆಯಿಂದಲೇ ಶುರು ಮಾಡೋಣ.

— ಏಳನೇ ತರಗತಿಯ ವಿದ್ಯಾರ್ಥಿನಿ